ಮೊನಾಕೊ ಗೆದ್ದರೂ ಮೇಲಿನ ಮೆಟ್ಟಿಲು ದೂರ: ಡ್ರೈವರೇ ದುಡ್ಡು ಕಟ್ಟಿ ಗಾಡಿ ಓಡಿಸುವ ಆಟ

2025ರ ಮೇ 24, ಶನಿವಾರ. ಫ್ರಾನ್ಸಿನ ಮಗ್ಗುಲಲ್ಲಿ ಸಮುದ್ರದಂಡೆಗೆ ಅಂಟಿಕೊಂಡಿರುವ ಮೊನಾಕೊ. ಅಲ್ಲಿನ ಬೀದಿಗಳಲ್ಲಿ ನಡೆದ ಫಾರ್ಮುಲಾ-2 ಸ್ಪ್ರಿಂಟ್ ರೇಸನ್ನು ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಗೆದ್ದ. ಮೊನಾಕೊದಲ್ಲಿ ಫಾರ್ಮುಲಾ-2 ಗೆದ್ದ ಮೊದಲ ಭಾರತೀಯ. ಸುದ್ದಿ ಬಂದಾಗ ಅಂಗಡಿ ಕಟ್ಟೆ ಮೇಲೆ, ಬಸ್ಸಿನಲ್ಲಿ ಜನ ಕೇಳಿದ ಪ್ರಶ್ನೆ ಒಂದೇ. "ಎರಡು ಆಯ್ತಲ್ಲ, ಇನ್ನು ಒಂದು ತಾನೆ? ಯಾವಾಗ ಹೋಗ್ತಾನೆ?"

ಲೆಕ್ಕಕ್ಕೆ ಒಂದೇ ಮೆಟ್ಟಿಲು, ಸರಿ. ಆದರೆ ಆ ಮೆಟ್ಟಿಲು ಹತ್ತಲಾಗದೆ ಅಲ್ಲೇ ಕೂತವರ, ಇಳಿದು ಬೇರೆ ದಾರಿ ಹಿಡಿದವರ ಪಟ್ಟಿ ದೊಡ್ಡದು. ಅವರೇನು ಸೋತವರಲ್ಲ. ಕೆಲವರು ಚಾಂಪಿಯನ್ ಪಟ್ಟ ಗೆದ್ದು ಕೂತವರು! ಅದು ಹೇಗೆ ಅಂತೀರಾ? ಹಾಗಾದರೆ ಈ ಏಣಿಯ ಒಂದೊಂದು ಮೆಟ್ಟಿಲಿಗೆ ಯಾರು ಯಾರಿಗೆ ದುಡ್ಡು ಕೊಡುತ್ತಾರೆ ಅನ್ನೋದನ್ನ ಮೊದಲು ನೋಡಬೇಕು.

ಒಂದೇ ಸೀಟಿನ ಗಾಡಿ

ಚಕ್ರ ನಾಲ್ಕೂ ಹೊರಗೆ, ಸೀಟು ಒಂದೇ, ಅದೂ ನಡುಮಧ್ಯೆ. ಪಕ್ಕದಲ್ಲಿ ಕ್ಲೀನರ್ ಕೂರಲು ಜಾಗ ಇಲ್ಲ. ಇದನ್ನೇ ಸಿಂಗಲ್ ಸೀಟರ್ ಅನ್ನುತ್ತಾರೆ. ಫಾರ್ಮುಲಾ ಅಂದರೆ ನಿಯಮದ ಕಟ್ಟು ಅಷ್ಟೇ: ಎಂಜಿನ್ ಇಷ್ಟು, ತೂಕ ಇಷ್ಟು, ಅಗಲ ಇಷ್ಟು.

ಎಂಟು ಹತ್ತು ವರ್ಷಕ್ಕೆ ಕಾರ್ಟ್ ಎಂಬ ಪುಟ್ಟ ಗಾಡಿಯಲ್ಲಿ ಶುರು. 15 ತುಂಬಿದ ಮೇಲೆ ಫಾರ್ಮುಲಾ-4. ಆಮೇಲೆ 3, ಆಮೇಲೆ 2. ಫಾರ್ಮುಲಾ-3 ಗಾಡಿಯ ಎಂಜಿನ್ ಸುಮಾರು 380 ಹಾರ್ಸ್‌ಪವರ್. ಫಾರ್ಮುಲಾ-2ರದು 620. ನಮ್ಮ ಮನೆಮನೆಯ ಮೊದಲ ಮಾರುತಿ 800 ಕಾರಿಗೆ ಇದ್ದದ್ದು 40ರ ಒಳಗೆ ಅನ್ನೋದು ನೆನಪಿರಲಿ. ಇಷ್ಟಾಗಿಯೂ ಫಾರ್ಮುಲಾ-2 ಗಾಡಿಗೆ ಪವರ್ ಸ್ಟೀರಿಂಗ್ ಇಲ್ಲ. ಹಳೇ ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಡ್ರೈವರಣ್ಣಂದಿರಿಗೆ ಭುಜ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಹಿಂದೆ ಈ ಏಣಿ ಇಷ್ಟು ಅಚ್ಚುಕಟ್ಟಾಗಿ ಇರಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ಲಿನ 500 ಸಿಸಿ ಎಂಜಿನ್ ಕೂರಿಸಿದ ಗಾಡಿಗಳಲ್ಲೇ ಹುಡುಗರು ಕಲಿತರು. ಅದೇ 1950ರಲ್ಲಿ ಫಾರ್ಮುಲಾ-3 ಆಯಿತು. 1967ರಲ್ಲಿ ಫಾರ್ಮುಲಾ ಫೋರ್ಡ್ ಬಂತು. ಮನೆ ಬಳಕೆಯ ಫೋರ್ಡ್ ಕಾರಿನ ಎಂಜಿನ್, ಕಡಿಮೆ ಖರ್ಚು. ಬ್ರೆಜಿಲಿನ ಐರ್ಟನ್ ಸೆನ್ನಾ 1981ರಲ್ಲಿ ಫಾರ್ಮುಲಾ ಫೋರ್ಡ್‌ಗೆ ಇಳಿದವನು 1984ಕ್ಕೆಲ್ಲ ಫಾರ್ಮುಲಾ-1ರಲ್ಲಿದ್ದ. ಮೂರೇ ವರ್ಷ! ಈಗ ಕುಶ್ ಮೈನಿಯನ್ನು ನೋಡಿ. 2016ರಲ್ಲಿ ಇಟಲಿಯ ಫಾರ್ಮುಲಾ-4ರಲ್ಲಿ ಓಡಿಸುತ್ತಿದ್ದ. ಮೊನಾಕೊ ಗೆಲ್ಲುವ ಹೊತ್ತಿಗೆ ಒಂಬತ್ತನೇ ವರ್ಷ.

ಡ್ರೈವರೇ ಗಿರಾಕಿ

ಇಲ್ಲಿದೆ ನೋಡಿ ಈ ವ್ಯಾಪಾರದ ಗುಟ್ಟು. ಬಸ್ಸಿನಲ್ಲಿ ಪ್ರಯಾಣಿಕ ದುಡ್ಡು ಕೊಡುತ್ತಾನೆ, ಮಾಲೀಕ ಡ್ರೈವರ್‌ಗೆ ಸಂಬಳ ಕೊಡುತ್ತಾನೆ. ಕಿರಿಯರ ರೇಸಿನಲ್ಲಿ ತಿರುಗುಮುರುಗು. ಡ್ರೈವರೇ ಮಾಲೀಕನಿಗೆ ದುಡ್ಡು ಕಟ್ಟಿ ಗಾಡಿ ಓಡಿಸಬೇಕು. ಫಾರ್ಮುಲಾ-1 ತಂಡಗಳಿಗೆ ಟಿವಿ ದುಡ್ಡು, ಬಹುಮಾನದ ಪಾಲು, ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತು ಇದೆ. ಕೆಳಗಿನ ತಂಡಗಳಿಗೆ ಆ ಪ್ರಮಾಣದ ಆದಾಯ ಎಲ್ಲಿಂದ ಬರಬೇಕು? ಮೆಕ್ಯಾನಿಕ್ ಸಂಬಳ, ಟೈರು, ಎಂಜಿನ್ ಬಾಡಿಗೆ, ಲಾರಿ, ಹೋಟೆಲು, ಎಲ್ಲ ಬಹುಪಾಲು ಸೀಟಿನಲ್ಲಿ ಕೂತವನ ಜೇಬಿನಿಂದ. ಅವನ ಜೇಬು ಅಂದರೆ ಅಪ್ಪನ ಜೇಬು, ಇಲ್ಲವೇ ಹಿಂದೆ ನಿಂತ ಕಂಪನಿಯ ಜೇಬು.

ಎಷ್ಟು? ಫಾರ್ಮುಲಾ-2ರಲ್ಲಿ ಒಂದು ವರ್ಷದ ಸೀಟಿಗೆ 20ರಿಂದ 30 ಲಕ್ಷ ಯೂರೊ ಅನ್ನುವುದು ಆ ವಲಯದಲ್ಲಿ ಎಲ್ಲರೂ ಹೇಳುವ ಲೆಕ್ಕ. ನಮ್ಮ ದುಡ್ಡಿನಲ್ಲಿ ಹೆಚ್ಚೂಕಡಿಮೆ 20ರಿಂದ 30 ಕೋಟಿ. ಫಾರ್ಮುಲಾ-3ಕ್ಕೆ 10 ಕೋಟಿಗೆ ಮೇಲೆ. ಅಂಗಡಿ ಮಳಿಗೆಗೆ ಪಗಡಿ ಕೊಟ್ಟು ಒಳಗೆ ಹೋದವರಿಗೆ ಇದು ಅರ್ಥವಾಗುತ್ತದೆ. ಆದರೆ ಮಳಿಗೆಯ ಪಗಡಿ ಒಂದು ಸಲ. ಇಲ್ಲಿ ವರ್ಷ ವರ್ಷವೂ ಹೊಸದಾಗಿ ಕೊಡಬೇಕು, ಬಿಟ್ಟು ಬರುವಾಗ ಒಂದು ರೂಪಾಯಿ ವಾಪಸ್ ಇಲ್ಲ.

ಗಾಡಿಗಳು ಮಾತ್ರ ಎಲ್ಲರಿಗೂ ಒಂದೇ. ಇಟಲಿಯ ದಲ್ಲಾರಾ ಕಂಪನಿಯ ಮೈಕಟ್ಟು, ಫ್ರಾನ್ಸಿನ ಮೆಕಾಕ್ರೋಮ್ ಎಂಜಿನ್, ಪಿರೆಲ್ಲಿ ಟೈರು. ಶಾಲೆಯ ಯೂನಿಫಾರಂ ಇದ್ದ ಹಾಗೆ. ಆದರೆ ಯೂನಿಫಾರಂ ಒಂದೇ ಆದರೆ ಮನೆಪಾಠ ಒಂದೇ ಆಗುತ್ತದೆಯೇ? ಒಳ್ಳೇ ಎಂಜಿನಿಯರ್ ಇರುವ ತಂಡಕ್ಕೆ ಬೇಡಿಕೆ, ಬೇಡಿಕೆ ಇದ್ದ ಕಡೆ ರೇಟು. ರೇಸಿನ ವಾರದಲ್ಲಿ ಅಭ್ಯಾಸಕ್ಕೆ ಸಿಗುವುದು 45 ನಿಮಿಷ, ಅರ್ಹತಾ ಸುತ್ತಿಗೆ 30 ನಿಮಿಷ. ಶುಕ್ರವಾರದ ಆ ಅರ್ಧ ಗಂಟೆಯಲ್ಲಿ ಎಡವಿದರೆ ಭಾನುವಾರದ ದೊಡ್ಡ ರೇಸು ಹಿಂದಿನ ಸಾಲಿನಿಂದಲೇ.

ಹಾಗಂತ ಬಡವರು ಹತ್ತಲೇ ಇಲ್ಲ ಅನ್ನುವ ಹಾಗಿಲ್ಲ. ಲೂಯಿಸ್ ಹ್ಯಾಮಿಲ್ಟನ್‌ನ ಅಪ್ಪ ಒಂದಕ್ಕಿಂತ ಹೆಚ್ಚು ಕೆಲಸ ಮಾಡಿ ಮಗನ ಕಾರ್ಟ್ ಓಡಿಸಿದವರು. 1998ರಲ್ಲಿ, ಹುಡುಗನಿಗೆ 13 ವರ್ಷ, ಮೆಕ್‌ಲಾರೆನ್ ಮತ್ತು ಮರ್ಸಿಡಿಸ್ ಕೈಹಿಡಿದವು. 2007ಕ್ಕೆ ಫಾರ್ಮುಲಾ-1. ಫ್ರಾನ್ಸಿನ ಎಸ್ಟೆಬಾನ್ ಓಕಾನ್ ಮೆಕ್ಯಾನಿಕ್ ಒಬ್ಬರ ಮಗ. ಮಗನ ರೇಸಿಗಾಗಿ ಅಪ್ಪ-ಅಮ್ಮ ಮನೆ ಮಾರಿ ಗಾಡಿಮನೆಯಲ್ಲಿ ಸಂಸಾರ ಮಾಡಿದರು. 2014ರಲ್ಲಿ ಯುರೋಪಿನ ಫಾರ್ಮುಲಾ-3 ಚಾಂಪಿಯನ್ ಆದ. ಆ ವರ್ಷ ಅಲ್ಲೇ ಮೂರನೇ ಸ್ಥಾನ ಬಂದವನು ಮ್ಯಾಕ್ಸ್ ವರ್ಸ್ಟಪ್ಪನ್. ಮರುವರ್ಷ ಫಾರ್ಮುಲಾ-1ಕ್ಕೆ ಹೋದದ್ದು ಯಾರು? ಮೂರನೆಯವನು. ಮೊದಲನೆಯವನು 2016ರ ಮಧ್ಯದವರೆಗೆ ಕಾಯಬೇಕಾಯಿತು. ವರ್ಸ್ಟಪ್ಪನ್ ಕೈ ಎಂಥದ್ದು ಅಂತ ಆಮೇಲೆ ಜಗತ್ತೇ ನೋಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಓಕಾನ್ ಮನೆಯವರಿಗೆ ಆ ಒಂದೂವರೆ ವರ್ಷ ಹೇಗೆ ಕಳೆದಿರಬೇಕು!

40 ಅಂಕದ ಲೈಸೆನ್ಸು

ವರ್ಸ್ಟಪ್ಪನ್ ಮೊದಲ ರೇಸು ಓಡಿಸಿದಾಗ ಅವನಿಗೆ 17 ವರ್ಷ. ಊರಿನಲ್ಲಿ ಕಾರು ಓಡಿಸೋ ವಯಸ್ಸೇ ಆಗದವನಿಗೆ ಫಾರ್ಮುಲಾ-1 ಕೊಟ್ಟಿರಾ ಅಂತ ಗಲಾಟೆ ಎದ್ದಿತು. ಅಂತಾರಾಷ್ಟ್ರೀಯ ಒಕ್ಕೂಟ 2016ರಿಂದ ಹೊಸ ಕಾನೂನು ತಂದಿತು. ಸೂಪರ್ ಲೈಸೆನ್ಸ್ ಬೇಕೆಂದರೆ 18 ವರ್ಷ ತುಂಬಬೇಕು (ಈಚೆಗೆ ವಿಶೇಷ ಪ್ರಕರಣದಲ್ಲಿ 17ಕ್ಕೂ ಕೊಡುತ್ತಾರೆ), ಮೂರು ವರ್ಷದ ರೇಸುಗಳಿಂದ 40 ಅಂಕ ಕೂಡಿಸಿರಬೇಕು.

ಅಂಕ ಹಂಚುವ ರೀತಿ ನೋಡಿ. ಫಾರ್ಮುಲಾ-2ರಲ್ಲಿ ವರ್ಷದ ಕೊನೆಗೆ ಮೊದಲ ಮೂರು ಸ್ಥಾನದವರಿಗೆ ಇಡೀ 40. ನಾಲ್ಕನೆಯವನಿಗೆ 30, ಐದನೆಯವನಿಗೆ 20. ಹತ್ತನೆಯವನಿಗೆ ಬರೀ 3. ಅಲ್ಲಿಂದ ಕೆಳಗೆ ಸೊನ್ನೆ. ನಡುವೆ ಎಷ್ಟು ರೇಸು ಗೆದ್ದೆ ಅನ್ನೋದನ್ನ ಯಾರೂ ಕೇಳುವುದಿಲ್ಲ. ವರ್ಷದ ಕೊನೆಯ ಸ್ಥಾನ ಎಷ್ಟು, ಅದೊಂದೇ.

ಈಗ ಮೊನಾಕೊಗೆ ಬನ್ನಿ. ಶನಿವಾರದ ಸ್ಪ್ರಿಂಟ್ ರೇಸಿಗೆ ಅರ್ಹತಾ ಸುತ್ತಿನ ಮೊದಲ ಹತ್ತು ಜನರನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಎಲ್ಲರ ಮುಂದೆ. ಮೈನಿ ಹಾಗೆ ಮುಂದೆ ನಿಂತು ಹೊರಟವನು, ಕೊನೆವರೆಗೆ ಯಾರಿಗೂ ದಾರಿ ಬಿಡಲಿಲ್ಲ. ಎರಡೂ ಕಡೆ ಕಬ್ಬಿಣದ ತಡೆ, ಗೇಣು ಜಾಗ ತಪ್ಪಿದರೆ ಗೋಡೆ. ಹಾಗಾಗಿ ಗೆಲುವು ಗೆಲುವೇ, ಅದನ್ನ ಯಾರೂ ಕಿತ್ತುಕೊಳ್ಳಲಾರರು. ಆದರೆ ಶನಿವಾರದ ಗೆಲುವಿಗೆ ಸಿಗುವುದು 10 ಅಂಕ, ಭಾನುವಾರದ್ದಕ್ಕೆ 25. ಚಿಲ್ಲರೆ ವ್ಯಾಪಾರ ಮತ್ತು ಸಗಟು ವ್ಯಾಪಾರದ ವ್ಯತ್ಯಾಸ.

ಅಣ್ಣನ ಕತೆ

ಕುಶ್‌ಗೆ ಮೊದಲು ಅವನ ಅಣ್ಣ ಅರ್ಜುನ್ ಮೈನಿ ಇದೇ ದಾರಿ ತುಳಿದವನು. ಇಬ್ಬರೂ ಬೆಂಗಳೂರಿನ ಮೈನಿ ಉದ್ಯಮ ಸಮೂಹದ ಮನೆತನದವರು. ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗೆ ತಂದರಲ್ಲ ಚೇತನ್ ಮೈನಿ, ಅವರೂ ಇದೇ ಮನೆಯವರು. ಅಂದರೆ ಮನೆಯಲ್ಲಿ ಅನುಕೂಲ ಇತ್ತು. ಇದ್ದೂ ಏನಾಯಿತು ಅನ್ನೋದೇ ಇಲ್ಲಿ ನೋಡಬೇಕಾದ್ದು.

2011ರಲ್ಲಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ದೇಶದ ಮಕ್ಕಳಲ್ಲಿ ಪ್ರತಿಭೆ ಹುಡುಕಲು ಹೊರಟಿತು. ಆರಿಸಿದ್ದು ಮೂವರನ್ನು. ಅರ್ಜುನ್ ಮೈನಿ, ಮುಂಬೈಯ ಜೆಹಾನ್ ದಾರೂವಾಲಾ, ತರುಣ್ ರೆಡ್ಡಿ. ಮೂರು ವರ್ಷ ಕಳೆದು 2014ರಲ್ಲಿ ಇಂಗ್ಲೆಂಡಿನ ಬಿಆರ್‌ಡಿಸಿ ಫಾರ್ಮುಲಾ-4. ಕೊನೆಯ ಸುತ್ತಿನವರೆಗೂ ಅರ್ಜುನ್ ಪಟ್ಟದ ಪೈಪೋಟಿಯಲ್ಲಿದ್ದ. ಕೂದಲೆಳೆಯಲ್ಲಿ ತಪ್ಪಿ ಎರಡನೇ ಸ್ಥಾನ. ಪಟ್ಟ ಗೆದ್ದ ಹುಡುಗ ಯಾರು ಗೊತ್ತೆ? ಜಾರ್ಜ್ ರಸೆಲ್. 2018ರಲ್ಲಿ ಫಾರ್ಮುಲಾ-2 ಚಾಂಪಿಯನ್, 2019ಕ್ಕೆ ಫಾರ್ಮುಲಾ-1, 2022ರಿಂದ ಮರ್ಸಿಡಿಸ್ ತಂಡ, ಗ್ರಾಂಪ್ರಿ ಗೆಲುವುಗಳು. 2014ರ ಆ ದಿನ ಇಬ್ಬರೂ ಒಂದೇ ಮೆಟ್ಟಿಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವರು.

ಅರ್ಜುನ್ ಅಲ್ಲಿಗೆ ಬಿಡಲಿಲ್ಲ. 2017ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜಿಪಿ-3 ರೇಸು ಗೆದ್ದ. ಅಮೆರಿಕದ ಹಾಸ್ ತಂಡ ಡೆವಲಪ್‌ಮೆಂಟ್ ಡ್ರೈವರ್ ಅಂತ ಹೆಸರು ಕೊಟ್ಟಿತು. 2018ರಲ್ಲಿ ಫಾರ್ಮುಲಾ-2. ಅಲ್ಲಿ ಗ್ರಹಚಾರ ಕೆಟ್ಟಿತು. ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ರೇಸು ಮುಗಿದ ಮೇಲೆ, ಗಾಡಿಗಳು ವಾಪಸ್ ಬರುವಾಗ, ಸ್ವಂತ ತಂಡದ ಇನ್ನೊಬ್ಬ ಡ್ರೈವರೇ ಇವನ ಗಾಡಿಗೆ ಗುದ್ದಿದ. ಅವನಿಗೆ ನಾಲ್ಕು ರೇಸುಗಳ ನಿಷೇಧ ಬಿತ್ತು. ನಮ್ಮ ಬಸ್‌ಸ್ಟಾಂಡ್ ಜಗಳಗಳು ಎಷ್ಟೋ ವಾಸಿ! ಆ ವರ್ಷ ಅರ್ಜುನ್ ಪಟ್ಟಿಯ ಮೇಲಕ್ಕೆ ಬರಲಾಗಲಿಲ್ಲ. ಆಮೇಲೆ ಸಿಂಗಲ್ ಸೀಟರ್ ಬಿಟ್ಟು ಲೆ ಮಾನ್ಸ್‌ನ 24 ತಾಸಿನ ರೇಸು, 2021ರಿಂದ ಜರ್ಮನಿಯ ಡಿಟಿಎಂ ಪಂದ್ಯಗಳು ಅಂತ ಮುಂದೆ ಹೋದ. ಮುಚ್ಚಿದ ಕಾರುಗಳ ಆ ರೇಸುಗಳಲ್ಲಿ ಡ್ರೈವಿಂಗನ್ನೇ ಉದ್ಯೋಗ ಮಾಡಿಕೊಂಡು ಬದುಕಬಹುದು. ಏಣಿ ಹತ್ತಲಾಗದವರು ಎಲ್ಲಿ ಹೋಗುತ್ತಾರೆ ಅಂದರೆ ಬಹುಮಟ್ಟಿಗೆ ಇಲ್ಲಿಗೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಫೋರ್ಸ್ ಇಂಡಿಯಾ 2008ರಿಂದ 2018ರವರೆಗೆ ಫಾರ್ಮುಲಾ-1ರಲ್ಲಿ ಓಡಿತು. ಒಡೆಯ ಬೆಂಗಳೂರಿನವರು, ಗಾಡಿ ಮೇಲೆ ತ್ರಿವರ್ಣದ ಬಣ್ಣ, ಹೆಸರಿನಲ್ಲೇ ಇಂಡಿಯಾ. ಅಷ್ಟು ವರ್ಷದಲ್ಲಿ ಒಂದೇ ಒಂದು ಗ್ರಾಂಪ್ರಿಯಲ್ಲೂ ಆ ಸೀಟಿನಲ್ಲಿ ಭಾರತೀಯ ಕೂರಲಿಲ್ಲ.

ಹನ್ನೆರಡು ಮತ್ತು ಹದಿಮೂರು

2024ರ ಫಾರ್ಮುಲಾ-2 ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ತಲೆ ಗಿರ್ ಅನ್ನುತ್ತದೆ. ಆ ವರ್ಷ ಕುಶ್ ಇದ್ದದ್ದು ಇನ್ವಿಕ್ಟಾ ತಂಡದಲ್ಲಿ. ಜೊತೆಗಾರ ಬ್ರೆಜಿಲಿನ ಗೇಬ್ರಿಯಲ್ ಬೊರ್ತೊಲೆಟೊ. ಮೊದಲ ಸುತ್ತು ಬಹರೇನ್. ಅರ್ಹತಾ ಸುತ್ತಿನಲ್ಲಿ ಕುಶ್ ಎಲ್ಲರಿಗಿಂತ ವೇಗ, ಪೋಲ್ ಪೊಸಿಷನ್. ಖುಷಿ ಪಟ್ಟಿದ್ದು ಸ್ವಲ್ಪ ಹೊತ್ತು. ತಪಾಸಣೆಯಲ್ಲಿ ಗಾಡಿಯ ಅಳತೆ ನಿಯಮಕ್ಕೆ ತಾಳೆಯಾಗಲಿಲ್ಲ ಅಂತ ಹೆಸರು ಹೊಡೆದು ಹಾಕಿದರು. ಎಲ್ಲರ ಹಿಂದಿನಿಂದ ಹೊರಡಬೇಕಾಯಿತು. ಜುಲೈನಲ್ಲಿ ಹಂಗೆರಿಯಲ್ಲಿ ಅದೇ ತಪಾಸಣೆ ತಿರುಗಿ ಒಲಿಯಿತು. ಮೊದಲು ಗುರಿ ಮುಟ್ಟಿದವನನ್ನು ಅನರ್ಹ ಮಾಡಿದರು, ಎರಡನೆಯವನಾದ ಕುಶ್‌ಗೆ ಗೆಲುವು ಬಂತು.

ವರ್ಷ ಮುಗಿದಾಗ ಬೊರ್ತೊಲೆಟೊ ಚಾಂಪಿಯನ್. ಒಂದೇ ತಂಡ, ಒಂದೇ ಬಗೆಯ ಗಾಡಿ, ಕುಶ್ 13ನೇ ಸ್ಥಾನ. ಬೊರ್ತೊಲೆಟೊ 2025ಕ್ಕೆ ಸೌಬರ್ ತಂಡದಲ್ಲಿ ಫಾರ್ಮುಲಾ-1 ಸೇರಿದ. ಇದಕ್ಕೆ ತಕರಾರಿಲ್ಲ, ಗೆದ್ದವನು ಹೋದ.

ಆದರೆ 12ನೇ ಸ್ಥಾನ ಬಂದವನೂ ಹೋದ! ಇಂಗ್ಲೆಂಡಿನ ಆಲಿವರ್ ಬೇರ್‌ಮನ್, 2025ಕ್ಕೆ ಹಾಸ್ ತಂಡ. ಹನ್ನೆರಡನೆಯವನಿಗೆ ಬಾಗಿಲು ತೆರೆಯಿತು, ಹದಿಮೂರನೆಯವನಿಗೆ ಮುಚ್ಚಿತು. ಅನ್ಯಾಯ ಅಂತ ಕೂಗುವ ಮೊದಲು ಇದನ್ನೂ ಕೇಳಿ. ಬೇರ್‌ಮನ್ 2021ರಲ್ಲೇ ಇಟಲಿ, ಜರ್ಮನಿ ಎರಡೂ ಕಡೆಯ ಫಾರ್ಮುಲಾ-4 ಚಾಂಪಿಯನ್. ಫೆರಾರಿ ತಂಡ ಅವನನ್ನು ಎಳೆಯ ವಯಸ್ಸಿನಲ್ಲೇ ತನ್ನ ಗರಡಿಗೆ ಸೇರಿಸಿಕೊಂಡಿತ್ತು. 2024ರ ಮಾರ್ಚಿನಲ್ಲಿ ಸೌದಿಯ ಜೆಡ್ಡಾದಲ್ಲಿ ಫೆರಾರಿಯ ಕಾರ್ಲೋಸ್ ಸೈಂಜ್‌ಗೆ ಅಪೆಂಡಿಸೈಟಿಸ್ ಆಗಿ ಆಸ್ಪತ್ರೆ ಸೇರಿದ. ಫಾರ್ಮುಲಾ-2ರಲ್ಲಿ ಓಡಿಸಲು ಬಂದಿದ್ದ 18ರ ಹುಡುಗನನ್ನು ಕರೆದು ಫೆರಾರಿಯಲ್ಲಿ ಕೂರಿಸಿದರು. ಏಳನೇ ಸ್ಥಾನ ತಂದ. ಅಲ್ಲಿಗೆ ಅವನ ಫಾರ್ಮುಲಾ-2 ಪಟ್ಟಿ ಯಾರಿಗೆ ಬೇಕಿತ್ತು? ಆಯ್ಕೆ ನಡೆಯುವುದು ಪಟ್ಟಿಯಿಂದಲ್ಲ, ಗರಡಿಯಿಂದ. ಫೆರಾರಿ, ರೆಡ್‌ಬುಲ್, ಮರ್ಸಿಡಿಸ್, ಮೆಕ್‌ಲಾರೆನ್ ಇವರೆಲ್ಲ ಎಳೆಯ ಹುಡುಗರ ಮೇಲೆ ಕಣ್ಣಿಟ್ಟು ಬರೆಸಿಕೊಳ್ಳುತ್ತಾರೆ.

ಕುಶ್ ಫ್ರಾನ್ಸಿನ ಅಲ್ಪೀನ್ ತಂಡದ ಗರಡಿ ಹುಡುಗ. 2025ಕ್ಕೆ ಅಲ್ಲಿ ಟೆಸ್ಟ್ ಮತ್ತು ರಿಸರ್ವ್ ಡ್ರೈವರ್ ಅಂತ ಬಡ್ತಿಯೂ ಬಂತು. ಆ ವರ್ಷ ಆರು ರೇಸು ಆದ ಮೇಲೆ ಅಲ್ಪೀನ್ ತನ್ನ ಒಬ್ಬ ಡ್ರೈವರನ್ನು ಇಳಿಸಿತು. ಕೂರಿಸಿದ್ದು ಅರ್ಜೆಂಟೀನಾದ ಫ್ರಾಂಕೊ ಕೊಲಾಪಿಂಟೊನನ್ನು. ಅವನು 2024ರಲ್ಲಿ ವಿಲಿಯಮ್ಸ್ ತಂಡದಲ್ಲಿ ಆಗಲೇ ಓಡಿಸಿ ತೋರಿಸಿದವನು.

ಗೆದ್ದವನಿಗೂ ಬಾಗಿಲು ಮುಚ್ಚೀತು

ಫಾರ್ಮುಲಾ-2ರಲ್ಲಿ ಒಂದು ವಿಚಿತ್ರ ನಿಯಮ ಇದೆ. ಚಾಂಪಿಯನ್ ಆದವನು ಮತ್ತೆ ಅಲ್ಲಿ ಓಡಿಸುವ ಹಾಗಿಲ್ಲ. ಪಾಸಾದವನು ಅದೇ ಕ್ಲಾಸಿನಲ್ಲಿ ಕೂರಬಾರದು ಅನ್ನೋದು ಸರಿ. ಆದರೆ ಮುಂದಿನ ಕ್ಲಾಸಿನಲ್ಲಿ ಬೆಂಚೇ ಖಾಲಿ ಇಲ್ಲದಿದ್ದರೆ? 2022ರ ಚಾಂಪಿಯನ್ ಬ್ರೆಜಿಲಿನ ಫೆಲಿಪೆ ದ್ರುಗೊವಿಚ್, 2023ರ ಚಾಂಪಿಯನ್ ಫ್ರಾನ್ಸಿನ ತೆಯೊ ಪುರ್ಶೇರ್ ಇಬ್ಬರಿಗೂ ಮರುವರ್ಷ ಸೀಟು ಸಿಗಲಿಲ್ಲ. 2021ರ ಚಾಂಪಿಯನ್ ಆಸ್ಕರ್ ಪಿಯಾಸ್ಟ್ರಿಯೇ ಒಂದು ವರ್ಷ ಸುಮ್ಮನೆ ಕೂತು 2023ರಲ್ಲಿ ಒಳಗೆ ಹೋದದ್ದು.

ಕಾರಣ ಸರಳ. ಫಾರ್ಮುಲಾ-3ರಲ್ಲಿ 30 ಗಾಡಿ, 2ರಲ್ಲಿ 22. ಮೇಲೆ 2025ರವರೆಗೆ 20 ಸೀಟು. ಮೇಲಿನವರು ವರ್ಷಗಟ್ಟಲೆ ಏಳುವುದಿಲ್ಲ. 2026ಕ್ಕೆ ಕ್ಯಾಡಿಲಾಕ್ ತಂಡ ಹೊಸದಾಗಿ ಸೇರಿ ಸೀಟು 22 ಆಯಿತು. ಕೆಳಗಿನ ಹುಡುಗರು ಆಸೆಗಣ್ಣಿನಿಂದ ನೋಡುತ್ತಿದ್ದರು. ಆ ಎರಡೂ ಸೀಟು ಹೋದದ್ದು ವಾಲ್ಟೆರಿ ಬೊಟ್ಟಾಸ್ ಮತ್ತು ಸೆರ್ಜಿಯೊ ಪೆರೆಜ್‌ಗೆ. ಇಬ್ಬರೂ ಹತ್ತು ವರ್ಷಕ್ಕೂ ಮೇಲೆ ಓಡಿಸಿದ ಹಳೇ ಹುಲಿಗಳು.

ಇದರ ನಡುವೆ ಜೀವದ ಲೆಕ್ಕವೂ ಇದೆ. 2019ರ ಆಗಸ್ಟ್ 31, ಬೆಲ್ಜಿಯಂನ ಸ್ಪಾ. ಫಾರ್ಮುಲಾ-2 ರೇಸಿನ ಅಪಘಾತದಲ್ಲಿ ಫ್ರಾನ್ಸಿನ ಆಂಟೊಯ್ನ್ ಹುಬೆರ್ ತೀರಿಕೊಂಡ. 22 ವರ್ಷ. ಹಿಂದಿನ ವರ್ಷವಷ್ಟೇ ಜಿಪಿ-3 ಚಾಂಪಿಯನ್ ಆಗಿ ಮೇಲಿನ ಮೆಟ್ಟಿಲಿಗೆ ಬಂದಿದ್ದ ಹುಡುಗ. ಗಾಡಿಗಳು ಮೊದಲಿಗಿಂತ ಭದ್ರ, ತಲೆ ಮೇಲೆ ಹೇಲೊ ಎಂಬ ರಕ್ಷಾಕಮಾನು ಇದೆ. ಆದರೂ ಅಪಾಯ ಪೂರ್ತಿ ಹೋಗಿಲ್ಲ.

ಕೊಯಮತ್ತೂರಿನ ದಾರಿ

ನಮ್ಮವರು ಯಾರೂ ಮೇಲೆ ಹೋಗಿಯೇ ಇಲ್ಲವೇ? ಇಬ್ಬರು ಹೋಗಿದ್ದಾರೆ, ಇಬ್ಬರೂ ತಮಿಳುನಾಡಿನವರು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 1994ರಲ್ಲಿ ಇಂಗ್ಲೆಂಡಿನ ಫಾರ್ಮುಲಾ ಫೋರ್ಡ್, 1996ರಲ್ಲಿ ಫಾರ್ಮುಲಾ ಏಷ್ಯಾ ಚಾಂಪಿಯನ್, ಆಮೇಲೆ ಬ್ರಿಟಿಷ್ ಫಾರ್ಮುಲಾ-3 ಅಂತ ಸುತ್ತಿ 2005ರಲ್ಲಿ ಜೋರ್ಡನ್ ತಂಡ ಸೇರಿದಾಗ ವಯಸ್ಸು 28. ಅದೇ ವರ್ಷ ಅಮೆರಿಕದಲ್ಲಿ ಟೈರಿನ ತಕರಾರಿನಿಂದ ಉಳಿದವರೆಲ್ಲ ಹಿಂದೆ ಸರಿದು ಆರೇ ಗಾಡಿ ಓಡಿದ ರೇಸಿನಲ್ಲಿ ನಾಲ್ಕನೇ ಸ್ಥಾನ, 5 ಅಂಕ. ಭಾರತೀಯ ಡ್ರೈವರೊಬ್ಬರು ಫಾರ್ಮುಲಾ-1ರಲ್ಲಿ ಗಳಿಸಿದ ಅಂಕ ಅಷ್ಟೇ. ಎರಡನೆಯವರು ಚೆನ್ನೈನ ಕರುಣ್ ಚಾಂಧೋಕ್, 2010ರಲ್ಲಿ. 2012ರಲ್ಲಿ ಕಾರ್ತಿಕೇಯನ್ ಇಳಿದ ಮೇಲೆ ಮತ್ತೊಬ್ಬ ಭಾರತೀಯ ಅಲ್ಲಿ ರೇಸು ಓಡಿಸಿಲ್ಲ.

ತಮಿಳುನಾಡಿಗೆ ಯಾಕೆ ಒಲಿಯಿತು? ಅಲ್ಲಿ ಅಗ್ಗದ ಗಾಡಿ ಇತ್ತು. ಕೊಯಮತ್ತೂರಿನ ಮಿಲ್ ಮನೆತನದ ಕರಿವರ್ಧನ್ ಮಾರುತಿ 800ರ ಎಂಜಿನ್ ಕೂರಿಸಿ ಸಿಂಗಲ್ ಸೀಟರ್ ಕಟ್ಟಿದರು. ಹುಡುಗರು ಅದರಲ್ಲಿ ಕಲಿತರು. ಚೆನ್ನೈ ಹತ್ತಿರ ಶೋಲಾವರಂನ ಹಳೇ ವಿಮಾನದ ಓಡುದಾರಿಯಲ್ಲಿ ರೇಸು, 1990ರಿಂದ ಇರುಂಗಾಟ್ಟುಕೋಟ್ಟೈಯಲ್ಲಿ ಕಾಯಂ ಟ್ರ್ಯಾಕು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನ್ಯಾಷನಲ್ ರೇಸುಗಳು ನಡೆದುಕೊಂಡು ಬಂದಿವೆ.

ಬೆಂಗಳೂರಿನ ಕಡೆ ಮಕ್ಕಳಿಗೆ ಕಾರ್ಟ್ ಟ್ರ್ಯಾಕು ಇದೆ. ಫಾರ್ಮುಲಾ ಗಾಡಿ ಮುಟ್ಟಬೇಕೆಂದರೆ ರಾತ್ರಿ ಬಸ್ಸು ಹತ್ತಿ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು. 2023ರಲ್ಲಿ ದೇಶದಲ್ಲೇ ಫಾರ್ಮುಲಾ-4 ಚಾಂಪಿಯನ್‌ಷಿಪ್ ಶುರುವಾಯಿತು. ಆ ಡಿಸೆಂಬರಿನಲ್ಲಿ ಚೆನ್ನೈ ಬೀದಿಯಲ್ಲಿ ನಡೆಯಬೇಕಿದ್ದ ರೇಸು ಚಂಡಮಾರುತದಿಂದ ನಿಂತುಹೋಗಿ, 2024ರ ಆಗಸ್ಟ್ ಕೊನೆಗೆ ರಾತ್ರಿ ದೀಪದ ಬೆಳಕಿನಲ್ಲಿ ನಡೆಯಿತು. ಫಾರ್ಮುಲಾ-4 ಚಾಂಪಿಯನ್‌ಗೆ ಸೂಪರ್ ಲೈಸೆನ್ಸಿನ ಲೆಕ್ಕಕ್ಕೆ ಸಿಗುವುದು ಹೆಚ್ಚೆಂದರೆ 12 ಅಂಕ. ಮಿಕ್ಕ 28ಕ್ಕೆ ಪಾಸ್‌ಪೋರ್ಟ್ ಮಾಡಿಸಿ ವಿಮಾನ ಹತ್ತಬೇಕು.

ಮಗನಿಗೆ, ಮಗಳಿಗೆ ಈ ಹುಚ್ಚು ಹಿಡಿದಿದೆ ಅನ್ನುವ ತಂದೆ-ತಾಯಂದಿರು ಮೊದಲು ಮಾಡಬೇಕಾದ್ದು ಇಷ್ಟು. ಕಾರ್ಟ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿ, ಬಾಡಿಗೆ ಗಾಡಿಯಲ್ಲಿ ಓಡಿಸಿ ನೋಡಿ. ಕೈ ಚೆನ್ನಾಗಿದೆ ಅಂತ ಅಲ್ಲಿಯ ತರಬೇತುದಾರರು ಹೇಳಿದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದಿಂದ ಸ್ಪರ್ಧೆಯ ಲೈಸೆನ್ಸ್ ಮಾಡಿಸಬೇಕು. ಗಾಡಿ ಕೊಳ್ಳುವುದು, ಸೈಟು ಮಾರುವುದು ಅದೆಲ್ಲ ಆಮೇಲಿನ ಮಾತು.